ಧ್ಯಾನಕೇಂದ್ರದ ಕಾಫಿ ಕೆಟಲ್

ನಾನು ಅಲ್ಯೂಮಿನಿಯಂ ಕೆಟಲ್. ಮೈಸೂರಿನ ಸಣ್ಣ ಕಾರ್ಖಾನೆಯೊಂದರಲ್ಲಿ ತಗಡನ್ನು ಬಡಿದು, ಬಾಗಿಸಿ, ಮೂತಿ ಕೂಡಿಸಿ ನನ್ನನ್ನು ಮಾಡಿದರು. ಮೊದಲು ಕನಕಪುರದಲ್ಲಿ ರಾಯಪ್ಪನವರ ಚಹಾ ಅಂಗಡಿಯಲ್ಲಿದ್ದೆ. ವಯಸ್ಸಾಗಿ ಅಂಗಡಿ ಮುಚ್ಚಿದಾಗ ಅವರು ನನ್ನನ್ನು ಚೆನ್ನಾಗಿ ಬೆಳಗಿ, ಗುಡ್ಡದ ಮೇಲಿನ ಕ್ರೈಸ್ತ ಧ್ಯಾನಕೇಂದ್ರಕ್ಕೆ ಕೊಟ್ಟರು.

ಅಲ್ಲಿಗೆ ಜನ ಪ್ರಾರ್ಥನೆಗೆಂದು ಬಂದು ಕೆಲವು ದಿನ ಉಳಿಯುತ್ತಿದ್ದರು. ಕೂಟಗಳು ಹಲವು ಬಗೆ. ಯುವಜನರದ್ದಾದರೆ ಗಿಟಾರ್, ಚಪ್ಪಾಳೆ, ನನ್ನನ್ನು ಎಳೆದಾಡಿಬಿಡುತ್ತಿದ್ದರು. ದಂಪತಿಗಳ ಕೂಟ ನನಗಿಷ್ಟ. ಮೊದಲ ದಿನ ತಮಗಷ್ಟೇ ಕಾಫಿ ಬಗ್ಗಿಸಿಕೊಳ್ಳುತ್ತಿದ್ದ ಗಂಡಂದಿರು, ಕೊನೆಯ ದಿನ ಹೆಂಡತಿಯ ಲೋಟವನ್ನು ಮೊದಲು ತುಂಬಿಸುತ್ತಿದ್ದರು. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದಲ್ಲಿ ಮೌನಧ್ಯಾನ. ಆಗ ಅಡುಗೆಮನೆಯವರೂ ಮಾತಾಡುವಂತಿಲ್ಲ. ಊಟಕ್ಕೆ ಕುಳಿತವರು ಏನನ್ನೂ ಕೇಳುವಂತಿಲ್ಲ. ಪಕ್ಕದವರ ಲೋಟ ಬರಿದಾಯಿತೇ ಎಂದು ನೋಡಿಕೊಳ್ಳಬೇಕು.

ಒಂದು ವರ್ಷ ಆ ಮೌನದ ಕೂಟಕ್ಕೆ ಚಿನ್ನಮ್ಮ, ಜ್ಞಾನಮ್ಮ ಎಂಬ ಅಕ್ಕತಂಗಿಯರು ಬೇರೆ ಬೇರೆ ಬಸ್ಸಿನಲ್ಲಿ ಬಂದರು. ತಾಯಿಯ ಕೊನೆಗಾಲದಲ್ಲಿ ಯಾರು ನೋಡಿಕೊಂಡರು, ಯಾರು ನೋಡಿಕೊಳ್ಳಲಿಲ್ಲ ಎಂದು ಜಗಳವಾಗಿ, ಅವರು ಮಾತು ಬಿಟ್ಟು ವರ್ಷಗಳಾಗಿದ್ದವು. ಅಡುಗೆಯ ಲೂರ್ದಮ್ಮ ಅವರ ಊರಿನವಳೇ.

"ಈ ಸಲನಾದ್ರೂ ಮಾತಾಡ್ತಾರೇನೋ ಸಿಸ್ಟರ್," ಎಂದಳು, ಮೌನ ಶುರುವಾಗುವ ಮುಂಚೆ.

"ಮೌನಕ್ಕೆ ಬಂದು ಮಾತಾಡ್ತಾರಾ? ಒಳ್ಳೆ ಕತೆ ನಿಂದು!" ಎಂದು ಅಡುಗೆಗೆ ನೆರವಾಗಲು ಬಂದಿದ್ದ ಸಿಸ್ಟರ್ ಅಮಲಾ ನಕ್ಕರು.

ಶುಕ್ರವಾರ ಬೆಳಿಗ್ಗೆ ಲೂರ್ದಮ್ಮ ಸಕ್ಕರೆ ಡಬ್ಬಿಗೆ ಕೈಸನ್ನೆ ಮಾಡಿದಳು. ಆ ಅಡುಗೆಮನೆಗೆ ಹೊಸಬರಾದ ಸಿಸ್ಟರ್ ಉಪ್ಪಿನ ಡಬ್ಬಿ ಕೊಟ್ಟರು. ಸುಮ್ಮನೆ ಕೊಟ್ಟಿದ್ದನ್ನು ಇವಳೂ ಸುಮ್ಮನೆ ನನ್ನೊಳಗೆ ಸುರಿದಳು.

ಊಟದ ಮನೆಯಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಶುಕ್ರವಾರದ ತಪಸ್ಸು ಇರಬೇಕೆಂದು ಎಲ್ಲರೂ ಮುಖ ಕಿವುಚಿ ಗುಟುಕರಿಸಿದರು. ನಿವೃತ್ತ ಮೇಷ್ಟ್ರೊಬ್ಬರು ಪೂರ್ತಿ ಕುಡಿದು, ಶಿಲುಬೆಯ ಗುರುತು ಹಾಕಿಕೊಂಡು, ಇನ್ನರ್ಧ ಲೋಟ ಬಗ್ಗಿಸಿಕೊಂಡರು.

ಜ್ಞಾನಮ್ಮ ಒಂದು ಗುಟುಕು ಕುಡಿದಳು. ಎದುರು ಸಾಲಿನಲ್ಲಿ ಅಕ್ಕ ಲೋಟ ಎತ್ತಿದ್ದಳು.

"ಅಕ್ಕಾ, ಕುಡೀಬ್ಯಾಡ! ಉಪ್ಪು ಹಾಕವ್ರೆ! ನಿಂಗೆ ಬಿಪಿ ಅಲ್ವಾ!"

ಲೋಟಗಳೆಲ್ಲ ನಿಂತಲ್ಲೇ ನಿಂತವು.

"ನಂಗೆ ಬಿಪಿ ಅಂತ ನಿಂಗ್ಯಾರೇ ಹೇಳಿದ್ದು?" ಎಂದಳು ಚಿನ್ನಮ್ಮ.

"ಲೂರ್ದಮ್ಮ ಊರಿಗೆ ಬಂದಾಗೆಲ್ಲ ಕೇಳ್ತಿರ್ತೀನಿ. ನೀನಂತೂ ಹೇಳಲ್ಲ."

ಚಿನ್ನಮ್ಮ ಲೋಟ ಕೆಳಗಿಟ್ಟಳು. "ಕೂತ್ಕೊಳೇ, ಎಲ್ರೂ ನೋಡ್ತಾವ್ರೆ," ಎಂದು ಗದರಿಸಿದಳು. ಆದರೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಪಕ್ಕದ ಜಾಗ ತಟ್ಟಿ ತೋರಿಸಿದಳು.

ಮೌನ ಮುರಿದವರನ್ನು, ಧ್ಯಾನ ನಡೆಸುತ್ತಿದ್ದ ಫಾದರ್ ಚೌರಪ್ಪ ಏನೆನ್ನುವರೋ ಎಂದು ನಾನು ಹೆದರಿದೆ. ಅವರು ಎದ್ದುಬಂದು ತೋಟದ ಬಾಗಿಲು ತೆರೆದರು. "ಅಲ್ಲಿ ಕೂತು ಮಾತಾಡ್ಕೊಳ್ರಮ್ಮ. ಎಲ್ಲಾ ಮುಗಿದ್ಮೇಲೆ ಬನ್ನಿ," ಎಂದರು. ಆಮೇಲೆ ನನ್ನನ್ನು ತಾವೇ ಎತ್ತಿಕೊಂಡು ಹೋಗಿ ಬಚ್ಚಲಿಗೆ ಬಗ್ಗಿಸಿ, ತೊಳೆದಿಟ್ಟರು.

ಈಗ ನನ್ನ ತಳ ಸವೆದು ತೂತಾಗಿದೆ. ಎಸೆಯಲು ಮನಸ್ಸಾಗದೆ ಲೂರ್ದಮ್ಮ ಮೂಲೆಯ ಕಪಾಟಿನ ಮೇಲೆ ಇಟ್ಟಿದ್ದಾಳೆ. ಅಕ್ಕತಂಗಿಯರು ಈಗಲೂ ಬರುತ್ತಾರೆ, ಒಂದೇ ಬಸ್ಸಿನಲ್ಲಿ.

ಆ ಮನೆಯ ಮೌನದಲ್ಲಿ ದೇವರ ದನಿ ಕೇಳಬೇಕೆಂದು ಎಷ್ಟೋ ಜನ ಕಾದು ಕುಳಿತದ್ದನ್ನು ನೋಡಿದ್ದೇನೆ. ಅದು ಹೇಗಿರುತ್ತದೋ ನನಗೆ ತಿಳಿಯದು. ನಾನು ಕೇಳಿದ್ದು, ಒಬ್ಬ ತಂಗಿ ಅಕ್ಕನನ್ನು ಕೂಗಿ ತಡೆದ ದನಿ; ನನಗೆ ಅಷ್ಟು ಸಾಕು.