ಬೈರಮ್ಮನ ಅರ್ಧ

ಗುದ್ದಲಿ ನೆಲಕ್ಕೆ ತಾಗುವ ಮೊದಲೇ ಬೈಲಪ್ಪ ಅದರ ಹಿಡಿಗೆ ಕೈ ಹಾಕಿದ.

“ಇಲ್ಲಿ ಅಗೀಬೇಡ. ಇದು ನನ್ನ ಪಾಲು. ಬದುವಿನ ಆಚೆ ತೋಡು.”

ಗುದ್ದಲಿ ಹಿಡಿದಿದ್ದವನು ಚಿಕ್ಕಮುನಿಯಪ್ಪ, ಊರಿನ ಹಿರಿಯ. ಯಾರೇ ಸತ್ತರೂ ಗುಣಿಯ ಮೊದಲ ಮಣ್ಣು ಅವನೇ ತೆಗೆಯಬೇಕು. “ನಿನ್ ತಂಗಿ ಅಪ್ಪನ ಸಮಾಧಿ ಪಕ್ಕ ಮಲಗ್ತೀನಿ ಅಂದಿದ್ಳಲ್ಲೋ” ಎಂದ.

“ಅಂದಿರ್ತಾಳೆ. ಸಮಾಧಿ ಇರೋದು ನನ್ನ ಕಡೆ. ಫ್ಯಾಕ್ಟ್ರಿಯೋರು ಸೈಟು ಕೇಳ್ತಾವ್ರೆ. ಒಂದು ಸಮಾಧಿ ಇರೋದೇ ಸಾಲದಾ? ಇನ್ನೊಂದು ಬಂದ್ರೆ ಯಾವನು ತಗೋತಾನೆ?”

ತೋಟದ ಪಕ್ಕದ ಅಂಗಳದಲ್ಲಿ ತಾಯಿ ಬೈರಮ್ಮನ ಹೆಣದ ತಲೆದೆಸೆಗೆ ಕೂತಿದ್ದ ಆಂಜನಮ್ಮನಿಗೆ ಇದು ಕೇಳಿಸಿತು. ಅಳು ಅಲ್ಲಿಗೇ ನಿಂತು ಮೈ ಉರಿಯಿತು. ತಂಗಿಯ ಹೆಣ ಇನ್ನೂ ಎತ್ತಿಲ್ಲ, ಈ ಸೋದರಮಾವನಿಗೆ ಆಗಲೇ ಸೈಟಿನ ಚಿಂತೆ!

*

ತೋಟ ಪಾಲಾದಾಗ ಆಂಜನಮ್ಮನಿಗೆ ಮದುವೆಯಾಗಿರಲಿಲ್ಲ. ತಾತ ಸಾಯುವಾಗ ಮಗ ಬೈಲಪ್ಪನ ಕೈ ಹಿಡಿದು, “ಗಂಡನ್ನ ಕಳ್ಕೊಂಡು ಬಂದವಳೆ. ತೋಟದಲ್ಲಿ ಅರ್ಧ ಬೈರಿಗೆ ಕೊಡು” ಎಂದಿದ್ದ. ಪಂಚಾಯ್ತಿ ಸೇರಿತು. ಹಗ್ಗ ಹಿಡಿದು ಅಳೆದವನು ಇದೇ ಚಿಕ್ಕಮುನಿಯಪ್ಪ.

“ಉದ್ದದಲ್ಲಿ ಅರ್ಧ, ಅಗಲದಲ್ಲಿ ಅರ್ಧ. ಯಾರ್ಗೂ ಮೋಸ ಬೇಡ” ಎಂದು ಒಂದು ಮೂಲೆಯಲ್ಲಿ ಬೈರಮ್ಮನ ಪಾಲಿಗೆ ಕಲ್ಲು ನೆಡಿಸಿದ. ನೆರೆದವರೆಲ್ಲ ಧರ್ಮವಾಯಿತು ಎಂದು ತಲೆಯಾಡಿಸಿದರು.

ಬೈರಮ್ಮ ಮಾತ್ರ ಬದುವಿನ ಮೇಲೆ ನಿಂತು ಎರಡೂ ಕಡೆ ನೋಡಿದಳು. “ಅರ್ಧ ಅಂದ್ಮೇಲೆ ಇಬ್ಬರ್ದೂ ಒಂದೇ ಸಮ ಇರ್ಬೇಕಲ್ವಣ್ಣ? ನಂದು ಇಷ್ಟೇ ಇಷ್ಟು ಕಾಣ್ತದೆ.”

“ಉದ್ದ ಅರ್ಧ ಅಳೀಲಿಲ್ವಾ? ಅಗಲ ಅರ್ಧ ಅಳೀಲಿಲ್ವಾ? ಇನ್ನೇನು, ಪೂರ್ತಿ ಬೇಕಾ ನಿಂಗೆ?” ಎಂದು ಬೈಲಪ್ಪ ಕೇಳಿದ. ಎಲ್ಲರೂ ನಕ್ಕರು.

ಆ ನಗು ಅವಳಿರುವ ತನಕ ನಿಲ್ಲಲಿಲ್ಲ. ದಂಟು, ಸಬ್ಬಸಿಗೆ ಬೆಳೆದು ಹಲಸೂರಿನ ಮಾರ್ಕೆಟ್ಟಿಗೆ ಹೊತ್ತಳು. ಅಣ್ಣನ ಸೊಪ್ಪು ಗಾಡಿ ತುಂಬ, ಅವಳದು ತಲೆಯ ಮೇಲಿನ ಮಂಕರಿಯಲ್ಲಿ. ಇಬ್ಬರದೂ ಅರ್ಧವಾದರೆ ಹೀಗೇಕೆ ಎಂದು ಕೇಳಿದರೆ, ನಿನ್ನ ಕೈಗುಣ ಸರಿಯಿಲ್ಲ ಎನ್ನುತ್ತಿದ್ದರು. ಅಕ್ಷರ ಬಾರದ ಹೆಂಗಸು, ಬಿಡಿಸಿ ಹೇಳಲು ತಿಳಿಯುತ್ತಿರಲಿಲ್ಲ. ಕೇಳುವುದನ್ನು ಮಾತ್ರ ಬಿಡಲಿಲ್ಲ. ಊರು ಅವಳಿಗೆ ‘ಅರ್ಧದ ಬೈರಮ್ಮ’ ಎಂದು ಹೆಸರಿಟ್ಟಿತು. ಲೆಕ್ಕ ತಪ್ಪಿದವರಿಗೆ ಪಂಚಾಯ್ತಿ ಕಟ್ಟೆ, ಲೆಕ್ಕ ಕೇಳಿದವಳಿಗೆ ಅಡ್ಡಹೆಸರು. ಇದು ಯಾವ ಸೀಮೆಯ ನ್ಯಾಯ!

ಅದೇ ಸೊಪ್ಪು ಮಾರಿ ಮಗಳನ್ನು ಮರ್ಫಿ ಟೌನಿಗೆ ಕೊಟ್ಟಳು. ಮಗಳು ತವರಿಗೆ ಬಂದಾಗೆಲ್ಲ ಒಂದೇ ಮಾತು: “ಸತ್ಮೇಲಾದ್ರೂ ಅಪ್ಪ ಕೊಟ್ಟ ನೆಲದಲ್ಲಿ, ಅಪ್ಪನ ಸಮಾಧಿ ಪಕ್ಕ ಮಲಗ್ತೀನಿ ಕಣೆ.”

*

“ಹೊತ್ತಾಯ್ತು, ತವರಿನ ಬಟ್ಟೆ ಹೊದಿಸಪ್ಪ” ಎಂದು ಯಾರೋ ಕೂಗಿದರು.

ಹೆಣ್ಣು ಸತ್ತರೆ ಕೊನೆಯ ಹೊದಿಕೆ ತವರಿನದೇ ಆಗಬೇಕು. ಬೈಲಪ್ಪ ಹೊಸ ಬಿಳಿ ಬಟ್ಟೆಯನ್ನು ತಂಗಿಯ ತಲೆಯಿಂದ ಕಾಲಿನವರೆಗೆ, ಎರಡೂ ಮಗ್ಗುಲು ಮುಚ್ಚುವಂತೆ ಹೊದಿಸಿದ. ನಾಲ್ಕು ಜನ ನೋಡುತ್ತಿದ್ದರಲ್ಲ, ಕಣ್ಣೂ ಒರೆಸಿಕೊಂಡ.

ಆಂಜನಮ್ಮ ಎದ್ದು ಆ ಬಟ್ಟೆಯನ್ನು ಸರಕ್ಕನೆ ಎಳೆದುಕೊಂಡಳು.

“ಏಯ್, ಏನೇ ಇದು?”

“ತಡಿ ಮಾವ. ಪೂರ್ತಿ ಬಟ್ಟೆ ಯಾಕೆ? ನಮ್ಮಮ್ಮ ಯಾವತ್ತೂ ಪೂರ್ತಿ ಕೇಳ್ದೋಳಲ್ಲ. ಅರ್ಧ ಸಾಕು.”

ಎಲ್ಲರ ಮುಂದೆ ಬಟ್ಟೆಯನ್ನು ಒಮ್ಮೆ ಮಡಿಸಿದಳು. “ಉದ್ದದಲ್ಲಿ ಅರ್ಧ.” ಇನ್ನೊಮ್ಮೆ ಮಡಿಸಿದಳು. “ಅಗಲದಲ್ಲಿ ಅರ್ಧ.” ಅದನ್ನು ತಾಯಿಯ ಮೇಲಿಟ್ಟಳು. ಎದೆಯಿಂದ ತೊಡೆಯವರೆಗೆ ಬಂತು, ಅದೂ ಒಂದೇ ಮಗ್ಗುಲಿಗೆ.

“ಯಾರ್ಗೂ ಮೋಸ ಆಗಿಲ್ವಲ್ಲ ಮಾವ? ನೋಡ್ಕೊಳ್ಳಿ ಎಲ್ರೂ.”

ಯಾರೂ ನಗಲಿಲ್ಲ. ಚಿಕ್ಕಮುನಿಯಪ್ಪ ಬಗ್ಗಿ ಬಟ್ಟೆಯ ಪದರಗಳನ್ನು ಬೆರಳಿನಿಂದ ಒಂದೊಂದೇ ಬಿಡಿಸಿ ನೋಡಿದ. ನಾಲ್ಕಿದ್ದವು. ಕತ್ತೆತ್ತಿ ಬದುವಿನ ಕಡೆ ನೋಡಿದ, ಮತ್ತೆ ಹೆಣದ ಕಡೆ ನೋಡಿದ. “ಅಯ್ಯೋ ನಮ್ಮಪ್ಪನೇ” ಎನ್ನುತ್ತ ಗುದ್ದಲಿ ಎತ್ತಿಕೊಂಡು ಸಮಾಧಿಯತ್ತ ನಡೆದ.

ಬೈಲಪ್ಪ ಅವನನ್ನು ತಡೆಯಲಿಲ್ಲ. ಕುಕ್ಕರಗಾಲಿನಲ್ಲಿ ಕೂತು ಮಡಿಕೆ ಬಿಚ್ಚಲು ಕೈ ಚಾಚಿದ. ಆಂಜನಮ್ಮ ಬಟ್ಟೆಯ ಮೇಲೆ ಅಂಗೈ ಊರಿ ಒತ್ತಿ ಹಿಡಿದಳು. ಆಚೆ ಗುದ್ದಲಿಯ ಏಟು ಬೀಳುತ್ತಿತ್ತು. ಬೈರಮ್ಮನ ಒಡೆದ ಹಿಮ್ಮಡಿಗಳು ಎಲ್ಲರ ಕಣ್ಣೆದುರಿಗೆ ಬಿಸಿಲಿನಲ್ಲಿದ್ದವು.