ಕಣ್ಣು ಬಿಟ್ಟು ಮಾಡುವ ಪ್ರಾರ್ಥನೆ

ನಾನು ಕಣ್ಣು ಬಿಟ್ಟೇ ಪ್ರಾರ್ಥನೆ ಮಾಡುವವನು. ಮೂವತ್ತೊಂದು ವರ್ಷದ ಪಾದ್ರಿಗಿರಿಯಲ್ಲಿ ಅಂಟಿಕೊಂಡ ದುರಭ್ಯಾಸ. ಸಭೆಗೆಲ್ಲ ಕಣ್ಣು ಮುಚ್ಚಲು ಹೇಳಿ ನಾನು ಮಾತ್ರ ನೋಡುತ್ತ ನಿಲ್ಲುತ್ತೇನೆ. ಯಾರು ತೂಕಡಿಸುತ್ತಿದ್ದಾರೆ, ಯಾರು ಅಳುತ್ತಿದ್ದಾರೆ, ಹಿಂದಿನ ಬೆಂಚಿನಿಂದ ಯಾರು ಮೆಲ್ಲಗೆ ಜಾಗ ಖಾಲಿ ಮಾಡುತ್ತಿದ್ದಾರೆ, ಎಲ್ಲ ನನಗೆ ಗೊತ್ತು. ಕುರುಬ ಕಣ್ಣು ಮುಚ್ಚಿದರೆ ಕುರಿಗಳ ಗತಿಯೇನು ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಳ್ಳುತ್ತಿದ್ದೆ.

ಇದನ್ನು ಮೊದಲು ಪತ್ತೆ ಮಾಡಿದವಳು ಭಾನುವಾರದ ಶಾಲೆಗೆ ಬರುತ್ತಿದ್ದ ಏಳು ವರ್ಷದ ಹುಡುಗಿ. "ಅಯ್ಯನೋರೇ, ನೀವು ಕಣ್ಣೇ ಮುಚ್ಚಲ್ಲ," ಎಂದು ಎಲ್ಲರ ಎದುರಿಗೇ ಅಂದಳು.

"ನೀನು ಮುಚ್ಚಿದ್ರೆ ನಿನಗೆ ಹೇಗಮ್ಮ ಗೊತ್ತಾಯ್ತು?" ಎಂದೆ. ಸಭೆಯೆಲ್ಲ ನಕ್ಕಿತು. ಅವಳೂ ನಕ್ಕಳು.

ಮುಂದೆ ಅವಳ ಮದುವೆಯನ್ನೂ ನಾನೇ ಮಾಡಿಸಿದೆ. ಗಂಡ ಬೇಕರಿಯಲ್ಲಿ ಹಿಟ್ಟು ನಾದುವವನು. ಪ್ರತಿ ಬಾಗಿಲಿಗೂ ತಲೆ ತಗ್ಗಿಸಬೇಕಾದಷ್ಟು ಎತ್ತರ, ಹಾಗಾಗಿ ಎಲ್ಲರಿಗೂ ಉದ್ದಣ್ಣ. ಹಾಡುವವರ ಸಾಲಿನಲ್ಲಿ ಕೊನೆಗೆ ನಿಂತರೂ ಅವನ ದಪ್ಪ ದನಿ ಎಲ್ಲರಿಗಿಂತ ಮುಂದಿರುತ್ತಿತ್ತು.

ಆ ಬೇಕರಿಯ ಯಜಮಾನರು ನಮ್ಮ ಸಭೆಯ ಹಿರಿಯರು. ತಿಂಗಳ ಮೊದಲ ಭಾನುವಾರ ಕರ್ತನ ಭೋಜನಕ್ಕೆ ರೊಟ್ಟಿ ಅಲ್ಲಿಂದಲೇ ಬರುತ್ತದೆ. ಹೋದ ವರ್ಷ ಅವರು ಹಿಟ್ಟು ನಾದುವ ದೊಡ್ಡ ಯಂತ್ರ ತರಿಸಿ, ಮೊದಲ ದಿನದ ಪ್ರಾರ್ಥನೆಗೆ ನನ್ನನ್ನು ಕರೆದರು. ಕೆಲಸಗಾರರೆಲ್ಲ ಟೋಪಿ ತೆಗೆದು ಕಣ್ಣು ಮುಚ್ಚಿ ನಿಂತರು. ಇಲ್ಲಿ ದುಡಿಯುವ ಕೈಗಳನ್ನು ಆಶೀರ್ವದಿಸು ಕರ್ತನೇ ಎಂದು ನಾನು ಹೇಳುತ್ತಿರುವಾಗ ಅದು ಕಂಡಿತು. ಯಾರ ಕೈಯೂ ಒಳಗೆ ಹೋಗದಂತೆ ಯಂತ್ರದ ಪಾತ್ರೆಯ ಮೇಲೆ ಕೂರಬೇಕಾದ ಕಬ್ಬಿಣದ ಜಾಲರಿ, ಮೈದಾ ಮೂಟೆಗಳ ಪಕ್ಕದಲ್ಲಿ ಗೋಡೆಗೆ ಒರಗಿ ನಿಂತಿತ್ತು. ಆಮೇನ್ ಆದ ಮೇಲೆ ಕೇಳಿದೆ.

"ಅದಿದ್ರೆ ಹಿಟ್ಟು ಸುರಿಯೋಕೆ ಪ್ರತಿ ಸಲ ಯಂತ್ರ ನಿಲ್ಲಿಸಬೇಕು ಅಯ್ಯನೋರೇ. ಕೆಲಸ ಸಾಗಲ್ಲ," ಎಂದರು ಯಜಮಾನರು. ಅವರು ಕೊಟ್ಟ ಬಿಸಿ ಬನ್ನು ತಿಂದು ನಾನು ಮನೆಗೆ ಬಂದೆ.

ಐದು ತಿಂಗಳ ಮೇಲೆ ಆ ಯಂತ್ರ ಉದ್ದಣ್ಣನ ತೋಳು ಹಿಡಿದು ಒಳಕ್ಕೆ ಎಳೆದುಕೊಂಡಿತು. ಆಸ್ಪತ್ರೆ ಮುಟ್ಟುವ ಮೊದಲೇ ಪ್ರಾಣ ಹೋಗಿತ್ತು.

ಸಮಾಧಿಯ ಹತ್ತಿರ ನಿಂತು, ಇದು ದೇವರ ಚಿತ್ತ ಎಂದೆ. ಚಿಲ್ಲರೆ ಇಲ್ಲದಾಗ ಅಂಗಡಿಯವನು ಕೈಗೆ ಪೆಪ್ಪರಮಿಂಟು ಇಡುವ ಹಾಗೆ ನಾವು ಪಾದ್ರಿಗಳು ಈ ಮಾತನ್ನು ಇಡುತ್ತೇವೆ. ಜನ ತೆಗೆದುಕೊಂಡು ಸುಮ್ಮನೆ ಹೋಗುತ್ತಾರೆ. ಉದ್ದಣ್ಣನ ಹೆಂಡತಿ ಸುಮ್ಮನಿರಲಿಲ್ಲ. ವಾರ ಕಳೆದ ಮೇಲೆ ಮನೆಗೆ ಬಂದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಜಾಲರಿ ನಮ್ಮನೆಯೋರೇ ಕಿತ್ತಿಟ್ರು ಅಂತ ಬೇಕರಿಯೋರು ಬರೆಸ್ತಿದಾರೆ ಅಯ್ಯನೋರೇ. ಆತುರಗಾರ, ತನ್ನ ತಪ್ಪಿಗೆ ತಾನೇ ಸತ್ತ ಅಂತ. ಮಗಳಿಗೆ ಶಾಲೇಲೂ ಹಾಗೇ ಅಂದ್ರಂತೆ. ಮೊದಲ ದಿನಾನೇ ಅದು ಗೋಡೆಗೆ ಒರಗಿತ್ತು ಅಂತ ನಮ್ಮನೆಯೋರು ಆಗಲೇ ನನ್ನ ಹತ್ರ ಹೇಳಿದ್ರು. ಅಲ್ಲಿರೋರು ಯಾರೂ ಬಾಯಿ ಬಿಡಲ್ಲ, ಅವರ ಅನ್ನ ಅಲ್ಲಿದೆ. ನೀವು ನೋಡಿದೀರಿ. ಅಷ್ಟು ಹೇಳಿ, ಸಾಕು."

ನಾನು ನೋಡಿದ್ದೇನೆ ಎನ್ನುವುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಇಪ್ಪತ್ತೈದು ವರ್ಷದಿಂದ ನನ್ನ ಕಣ್ಣು ಬಲ್ಲವಳು. ಹೇಳುತ್ತೇನೆ ತಾಯಿ, ಹೋಗು ಎಂದು ಕಳಿಸಿದೆ.

ಸಂಜೆ ಯಜಮಾನರು ಬಂದರು. ಗದರಿಸಲಿಲ್ಲ. ತಲೆ ತಗ್ಗಿಸಿ ಕುಳಿತು, "ಬೇಕರಿ ಮುಚ್ಚಿಸಿದ್ರೆ ಇಪ್ಪತ್ತು ಮನೆ ಒಲೆ ಆರುತ್ತೆ. ಎಲ್ಲ ನಮ್ಮ ಸಭೆಯೋರೇ. ಏನು ಮಾಡಿದ್ರೂ ಸತ್ತೋನು ಎದ್ದು ಬರ್ತಾನಾ?" ಎಂದರು. ಸತ್ತವನು ಎದ್ದು ಬಂದ ಎಂದು ಪ್ರತಿ ಭಾನುವಾರ ಸಾರುವ ನಾನು ಅವರನ್ನು ಬಾಗಿಲವರೆಗೆ ಕಳಿಸಿ ಬಂದೆ.

ಗುರುವಾರ ತನಿಖೆಯ ಅಧಿಕಾರಿ ನನ್ನ ಕಚೇರಿ ಕೋಣೆಯಲ್ಲಿ ಕುಳಿತು ಕೇಳಿದ. "ಪ್ರಾರ್ಥನೆ ದಿನ ಯಂತ್ರದ ಮೇಲೆ ಜಾಲರಿ ಇತ್ತಾ?"

"ನಾನು ಪ್ರಾರ್ಥನೆ ಮಾಡ್ತಿದ್ದೆ," ಎಂದೆ. "ಪ್ರಾರ್ಥನೆ ಮಾಡೋವಾಗ ಕಣ್ಣು ಮುಚ್ಚಿರ್ತೀವಿ."

ಪಾದ್ರಿ ಇಂಥ ಉತ್ತರ ಕೊಟ್ಟರೆ ಯಾರು ತಾನೇ ಅಡ್ಡಪ್ರಶ್ನೆ ಹಾಕುತ್ತಾರೆ? ಆತ ತಲೆಯಾಡಿಸಿ ಬರೆದುಕೊಂಡ. ಕೆಳಗೆ ಸಹಿ ಹಾಕುವಾಗ ನನ್ನ ಕೈ ನಡುಗಲೂ ಇಲ್ಲ. ನನಗೆ ನನ್ನ ಮೇಲೆ ಅಸಹ್ಯ ಹುಟ್ಟುವುದು ಅದಕ್ಕೇ. ಇಪ್ಪತ್ತು ಒಲೆಗಳ ನೆಪ ಹೇಳಿಕೊಂಡೆ, ಅಷ್ಟೆ. ನಿಜ ಹೇಳಬೇಕೆಂದರೆ, ನಿವೃತ್ತಿಗೆ ಉಳಿದಿರುವ ನಾಲ್ಕು ವರ್ಷ ಯಾರೂ ನನ್ನ ಮುಂದೆ ಮುಖ ಗಂಟು ಹಾಕಿಕೊಂಡು ಕೂರುವುದು ನನಗೆ ಬೇಡವಾಗಿತ್ತು. ಸತ್ತವನ ತಲೆಗೆ ಕಟ್ಟುವುದು ಸುಲಭ. ಅವನು ಮುಖ ಗಂಟು ಹಾಕುವುದಿಲ್ಲ.

ತಪ್ಪು ಕೆಲಸಗಾರನದೇ ಎಂದು ಬರೆದು ಕಡತ ಮುಚ್ಚಿದರು.

ಆಮೇಲೆ ತಿಂಗಳ ಮೊದಲ ಭಾನುವಾರ ಬಂತು. ರೊಟ್ಟಿಯ ತಟ್ಟೆಯ ಮೇಲೆ ಕೈಯಿಟ್ಟು, ಕಣ್ಣು ಮುಚ್ಚೋಣ ಎಂದೆ. ಹಾಳು ಅಭ್ಯಾಸ, ನನ್ನ ಕಣ್ಣು ತೆರೆದೇ ಇದ್ದವು. ನೂರು ತಲೆ ಬಾಗಿದ್ದವು. ಮೂರನೇ ಬೆಂಚಿನಲ್ಲಿ ಒಂದು ತಲೆ ಬಾಗಿರಲಿಲ್ಲ. ಅವಳು ನೆಟ್ಟಗೆ ನನ್ನನ್ನೇ ನೋಡುತ್ತಿದ್ದಳು. ಸಾವಿರ ಸಲ ಹೇಳಿದ ಪ್ರಾರ್ಥನೆ ನಡುವೆಯೇ ಮರೆತುಹೋಗಿ, ಹೇಗೋ ಆಮೇನ್ ಅಂದೆ.

ಸಾಲು ಮುಂದೆ ಬಂತು. ಅವಳ ಸರದಿ. ಹಿಂದೆಯೇ ಯಜಮಾನರು ನಿಂತಿದ್ದರು. ಅವಳು ಎರಡೂ ಕೈ ಚಾಚಿದಳು. ನಾನು ರೊಟ್ಟಿ ಮುರಿದೆ.

"ಇದು ಯಾವ ಯಂತ್ರದ ಹಿಟ್ಟು ಅಯ್ಯನೋರೇ?"

"ಅದೇ ಯಂತ್ರದ್ದು ತಾಯಿ," ಎಂದು ಪಿಸುಗುಟ್ಟಿದೆ. ಅಧಿಕಾರಿಯ ಮುಂದೆ ಬಾರದ ಮಾತು ಅದರ ಹಿಂದೆಯೇ ಬಂತು. "ಜಾಲರಿ ಗೋಡೆಗೆ ಒರಗಿತ್ತು. ನಾನು ನೋಡಿದೆ."

"ಜೋರಾಗಿ ಹೇಳಿ," ಎಂದಳು.

ಹಾಡು ಮುಗಿದು ಇನ್ನೊಂದು ಶುರುವಾಗಿರಲಿಲ್ಲ. ಸ್ವಲ್ಪ ದನಿ ಎತ್ತಿದ್ದರೆ ಹಿಂದಿನ ಬೆಂಚಿಗೂ ಕೇಳುತ್ತಿತ್ತು. ಯಜಮಾನರು ಗಂಟಲು ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದರು. ಕೊನೆಗೆ ಅವಳು ಖಾಲಿ ಕೈ ಕೆಳಗಿಳಿಸಿ ಪಕ್ಕಕ್ಕೆ ಸರಿದಳು.

ನಾನು ಕಣ್ಣು ಮುಚ್ಚಿಕೊಂಡೆ. ಅವಳಿಗೆಂದು ಮುರಿದ ತುಂಡನ್ನು ಯಜಮಾನರ ಅಂಗೈಯಲ್ಲಿ ಇಟ್ಟೆ.