ಹದಿನಾಲ್ಕನೇ ಗಾಡಿ

"ಮೆತ್ತಗೆ ಉಜ್ಜೇ, ಮುಂಡೇದೇ! ಬಸ್ಸಿಗೆ ನೋವಾಗಲ್ವಾ?"

ಬಸ್ ಡಿಪೋ ಓನರ್ ಹೀಗೆ ಬೈದಾಗ ನಮ್ಮಮ್ಮ ಒಂಬತ್ತನೇ ಬಸ್ಸಿನ ಹಿಂದಿನ ಚಕ್ರದ ಹತ್ರ ಕುಕ್ಕರುಗಾಲಲ್ಲಿ ಕೂತಿದ್ಲು. ಬಸ್ಸು ಏನೂ ಹೇಳಲಿಲ್ಲ. ಅಮ್ಮ ಆ್ಯಸಿಡ್ ನೀರಿಗೆ ಬ್ರಷ್ ಅದ್ದಿ ಮತ್ತೆ ಉಜ್ಜಿದ್ಲು, ಮೆತ್ತಗೆ.

ಹದಿಮೂರು ಬಸ್ಸು, ತೊಳೆಯೋಕೆ ಅಮ್ಮ ಒಬ್ಳೇ. ಹನ್ನೊಂದು ವರ್ಷದಿಂದ. ಬೆರಳೆಲ್ಲಾ ಬಿರುಕು ಬಿಟ್ಟು ಈಗ ಬಟ್ಟೆ ಹಿಂಡೋಕೂ ಆಗಲ್ಲ. "ಗ್ಲೌಸ್ ಇಲ್ದೆ ಇನ್ನು ಆ ನೀರು ಮುಟ್ಟಿದ್ರೆ ಬೆರಳು ತೆಗೀಬೇಕಾಗತ್ತೆ ಕಣಮ್ಮಾ" ಅಂದಿದ್ರು ಡಾಕ್ಟ್ರು. ಅಮ್ಮ ಗ್ಲೌಸ್ ಕೇಳೋಕೆ ಶುರು ಮಾಡಿ ನಾಲ್ಕು ತಿಂಗಳು.

ಅವತ್ತು ನನ್ನನ್ನ ಕರೆಸಿದ್ದು ಓನರೇ. ಬಸ್ಸುಗಳ ಮುಂದಿನ ಐದು ವರ್ಷದ ಮೇಂಟೆನೆನ್ಸ್ ಪಟ್ಟಿ ಫೋನಲ್ಲಿ ಮಾಡಿಕೊಡಬೇಕಿತ್ತು. ಕೂಲಿ ಕೇಳಿದ್ದಕ್ಕೆ, "ಕಲಿಯೋಕೂ ಕೂಲಿ ಕೊಡ್ತಾರೇನೇ ಹುಡ್ಗಿ?" ಅಂತ ನಕ್ಕ. ನಾನೂ ನಕ್ಕೆ. ನಂಗೆ ನಗು ಬೇಗ ಬರತ್ತೆ, ಅದೊಂದು ಕಾಯಿಲೆ.

ಆಫೀಸಲ್ಲಿ ನನಗೆ ಕುರ್ಚಿ ಸಿಕ್ತು. ಅಮ್ಮನಿಗೆ ಬಾಗಿಲು. "ಅಲ್ಲೇ ನಿಲ್ಲು, ನೆಲ ಒದ್ದೆಯಾಗತ್ತೆ."

ಓನರ್ ಹೇಳ್ತಾ ಹೋದ, ನಾನು ಒತ್ತುತ್ತಾ ಹೋದೆ. ಆಯಿಲ್ ಮೂರು ತಿಂಗಳಿಗೆ. ಬ್ರೇಕ್ ಆರು ತಿಂಗಳಿಗೆ. ಟೈರು ಎರಡು ವರ್ಷಕ್ಕೆ. "ಕೆಟ್ಟ ಮೇಲೆ ನೋಡಿದ್ರೆ ಖರ್ಚು ಡಬಲ್ ಆಗತ್ತೆ, ತಿಳ್ಕೋ. ಒಂಬತ್ತನೇ ಗಾಡಿಗೆ ವಾರಕ್ಕೊಂದಿನ ರೆಸ್ಟ್ ಬರಿ. ಪಾಪ, ತುಂಬಾ ಓಡಿದೆ."

"ಧಣಿ, ಹಂಗೇ ಗ್ಲೌಸು..." ಅಂದ್ಲು ಅಮ್ಮ.

"ನೀನೇನ್ ಆಪರೇಷನ್ ಮಾಡ್ತೀಯೇನೇ? ನಿನ್ ಕೈ ಹೋದ್ರೆ ಇನ್ನೊಬ್ಳ ಕೈ ಸಿಗತ್ತೆ. ಟೈರ್ ಥರ ದುಡ್ಡೂ ಕೊಡ್ಬೇಕಾಗಿಲ್ಲ."

ನಂಗೆ ನಗು ಬರಲಿಲ್ಲ. ಹದಿಮೂರನೇ ಬಸ್ಸಿನ ಕೆಳಗೆ ಇನ್ನೊಂದು ಸಾಲು ಹಾಕ್ದೆ. *14. ಅಮ್ಮ. ಓಡಿದ್ದು: ಹನ್ನೊಂದು ವರ್ಷ. ಗ್ಲೌಸ್: ತಿಂಗಳಿಗೊಂದು ಜೊತೆ. ಬೂಟು: ವರ್ಷಕ್ಕೆ. ರೆಸ್ಟು: ವಾರಕ್ಕೊಂದಿನ. ಸ್ಥಿತಿ: ಕೆಲಸ ಬಾಕಿ.*

ಪ್ರಿಂಟ್ ಬಂತು. ಓನರ್ ಮೊದಲ ಸಾಲು ಓದಿ ಸೈನ್ ಹಾಕ್ದ.

ಆ ಡಿಪೋದಲ್ಲಿ ಒಂದು ಕಾನೂನಿದೆ. ಕೆಲಸ ಬಾಕಿ ಇರೋ ಗಾಡಿಯ ಸ್ಟೇರಿಂಗಿಗೆ ಮೆಕ್ಯಾನಿಕ್ ಕೆಂಪು ಚೀಟಿ ಕಟ್ತಾನೆ. ಅವನೇ ಬಿಚ್ಚೋ ತನಕ ಗಾಡಿ ಅಲ್ಲಾಡಂಗಿಲ್ಲ. ಚೀಟಿ ಇದ್ದ ಗಾಡಿ ತೆಗೆದ ಡ್ರೈವರ್ ಒಬ್ಬನ ಕೆನ್ನೆಗೆ ಓನರೇ ಬಾರಿಸಿದ್ದ.

ಸೋಮವಾರ ನಾನು ಕಾಲೇಜಿಗೆ ಹೋಗಲಿಲ್ಲ, ಅಮ್ಮನ ಜೊತೆ ಡಿಪೋಗೆ ಹೋದೆ. ಮೆಕ್ಯಾನಿಕ್ ಪಟ್ಟಿ ಹಿಡ್ಕೊಂಡು, ಕೆಲಸ ಬಾಕಿ ಇದ್ದ ಗಾಡಿಗಳಿಗೆ ಚೀಟಿ ಕಟ್ತಾ ಬಂದ. ಕೊನೇ ಸಾಲನ್ನ ಎರಡು ಸಲ ಓದ್ದ. ಅಮ್ಮನ ಕೈ ನೋಡ್ದ.

"ಏನಕ್ಕಾ ಇದು?"

"ಕೊಡಣ್ಣ ಇಲ್ಲಿ." ಅಮ್ಮ ಚೀಟಿಯ ದಾರ ತಾನೇ ಕೊರಳಿಗೆ ಹಾಕ್ಕೊಂಡು, ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತ್ಲು.

ಹತ್ತು ಗಂಟೆಗೆ ಒಂದು ಸ್ಕೂಲಿನ ಟೂರಿಗೆ ನಾಲ್ಕು ಬಸ್ಸು ಹೋಗ್ಬೇಕಿತ್ತು. ನಾಲ್ಕೂ ಕಿಟಕಿ ತನಕ ಕೆಸರು.

"ಎದ್ದೇಳೇ, ದರಿದ್ರದೋಳೇ!" ಓನರ್ ಓಡಿ ಬಂದ.

"ಚೀಟಿ ಇದೆ ಧಣಿ."

"ಬಿಚ್ಚೋ ಅದನ್ನ!"

ಮೆಕ್ಯಾನಿಕ್ ಕೈ ಒರೆಸ್ಕೊಂಡ. "ಪಾರ್ಟ್ಸ್ ಬಂದಿಲ್ಲ ಸಾರ್. ಎರಡು ಗ್ಲೌಸು, ಎರಡು ಬೂಟು."

"ಯಾವ ಬೋಳಿಮಗ ಬರೆದಿದ್ದು ಇದನ್ನ?"

"ಸೈನ್ ನಿಮ್ದೇ ಸಾರ್."

ಓನರ್ ನೆಲದ ಮೇಲಿದ್ದ ಪೈಪು ಎತ್ತಿ ಅಮ್ಮನ ಮೇಲೆ ನೀರು ಬಿಟ್ಟ. ಬಸ್ಸಿಗೆ ಬಿಡೋ ಅಷ್ಟೇ ಜೋರಾಗಿ. ಅಮ್ಮ ಕಣ್ಣು ಮುಚ್ಚಿದ್ಲು, ಎರಡೂ ಕೈಯಲ್ಲಿ ಬಕೆಟ್ಟಿನ ಅಂಚು ಹಿಡ್ಕೊಂಡ್ಲು, ಏಳಲಿಲ್ಲ. ನಾನು ಓಡಿ ಹೋಗಿ ಪಕ್ಕದಲ್ಲಿ ಕೂತೆ. ನೀರು ತಣ್ಣಗಿತ್ತು.

ಮೆಕ್ಯಾನಿಕ್ ನಡ್ಕೊಂಡು ಹೋಗಿ ನಲ್ಲಿ ನಿಲ್ಲಿಸ್ದ. ಸ್ಪ್ಯಾನರ್ ಹಾಕಿ ಅದರ ಹಿಡಿಯನ್ನೇ ಕಿತ್ತು ಜೇಬಿಗೆ ಹಾಕ್ಕೊಂಡ.

ಓನರ್ ಜೇಬಲ್ಲಿ ಫೋನು ಬಡ್ಕೊಳ್ತಾ ಇತ್ತು, ಸ್ಕೂಲಿನೋರು ಇರ್ಬೇಕು. ಅವನು ಎತ್ತಲಿಲ್ಲ. ಖಾಲಿ ಪೈಪನ್ನ ನಮ್ಮ ಕಡೆಗೇ ಹಿಡ್ಕೊಂಡು ನಿಂತಿದ್ದ.